ಮಗು ಕಟ್ಟಿಕೊಂಡು ಊರಿಗೆ ಹೊರಟವರು ಕಿಲೋಮೀಟರ್ ನೋಡಬೇಡಿ

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಷ್ಟು ದೂರ, ಎಷ್ಟು ಗಂಟೆ ಅಂತ ಹೊಸದಾಗಿ ಬಂದವರೊಬ್ಬರು ಕೇಳಿದ್ದೀರಿ. ಮಗುವಿಗೆ ಒಂದೂಮುಕ್ಕಾಲು ವರ್ಷ ಅಂದಿರಿ ಅಲ್ವಾ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನೇರ ದೂರ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯೇ 40,000. ಗೋಡೆಯ ಮ್ಯಾಪ್ ನೋಡಿದರೆ ಪೆಸಿಫಿಕ್ ಸಾಗರವನ್ನು ಅಡ್ಡಕ್ಕೆ ದಾಟಬೇಕು ಅನಿಸುತ್ತದೆ. ನನ್ನ ಮಗಳ ಗ್ಲೋಬಿನ ಮೇಲೆ ಹೂ ಕಟ್ಟುವ ದಾರ ಎಳೆದು ಹಿಡಿದೆವು, ಅದು ಅಲಾಸ್ಕಾ, ಸೈಬೀರಿಯಾ, ಮಂಗೋಲಿಯಾ ಮೇಲೆ ಹಾದು ಊರಿಗೆ ಬಂತು.

ಆದರೆ ವಿಮಾನ ದಾರ ಹಿಡಿದು ಹೋಗುವುದಿಲ್ಲ, ಗಾಳಿ ನೋಡಿಕೊಂಡು ಹೋಗುತ್ತದೆ. ಅಷ್ಟು ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. 2016ರಲ್ಲಿ ಏರ್ ಇಂಡಿಯಾ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಯಿಂದ, ಅಂದರೆ ಆ ಗಾಳಿಯ ಜೊತೆಗೇ ಪೂರ್ವಕ್ಕೆ, ಬಂದಾಗ ದಾರಿ ಸಾವಿರ ಕಿ.ಮೀ.ಗಿಂತ ಜಾಸ್ತಿ ಉದ್ದವಾಯಿತು, ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಮೊದಲಿಗಿಂತ ಬೇಗ, ಬಂದು ಮುಟ್ಟಿತು. 2021ರ ಜನವರಿಯಲ್ಲಿ ಇಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ತಂದಿಳಿಸಿದರು. ಸುಮಾರು 17 ಗಂಟೆ. ಮಗಳಿಗೆ ಆ ಕಥೆ ಎಷ್ಟು ಸಲ ಹೇಳಿದರೂ ಸಾಲದು.

ಹದಿನೇಳು ಗಂಟೆ ಒಂದೇ ಸೀಟಿನಲ್ಲಿ ಎರಡು ವರ್ಷದ ಮಗು ಕೂರುತ್ತಾ? ನಮ್ಮದು ಕೂರಲಿಲ್ಲ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಸುಮಾರು ಹನ್ನೊಂದು ಗಂಟೆ, ಆಮೇಲೆ ಒಂಬತ್ತು ಚಿಲ್ಲರೆ. ಸಿಂಗಾಪುರದ ಕಡೆಯಿಂದಾದರೆ ಮೊದಲ ಹಾರಾಟವೇ ಹದಿನಾರು ದಾಟುತ್ತದೆ. ಚಿಕ್ಕ ಮಕ್ಕಳಿಗೆ ಯುರೋಪಿನ ದಾರಿಯೇ ವಾಸಿ.

ಆದರೆ ನಡುವೆ ಮೂರು ಗಂಟೆಯಾದರೂ ಬಿಡಿ. ಮೊದಲ ಸಲ ನಾವು ಒಂದೂವರೆ ಗಂಟೆ ಮಾತ್ರ ಇಟ್ಟುಕೊಂಡಿದ್ದೆವು. ಸೆಕ್ಯುರಿಟಿ ಸಾಲಿನಲ್ಲಿ ಸ್ಟ್ರೋಲರ್ ಮಡಚು, ಹಾಲಿನ ಬಾಟಲಿ ಹೊರಗೆ ತೆಗಿ, ರಾಗಿ ಸರಿಯ ಡಬ್ಬಿ ಬಿಚ್ಚಿ ತೋರಿಸು, ಇಷ್ಟು ಮಾಡಿ ಗೇಟಿಗೆ ಓಡುವಷ್ಟರಲ್ಲಿ ಬಾಗಿಲು ಹಾಕಿದ್ದರು. ಆ ರಾತ್ರಿಯೆಲ್ಲಾ ನಾನು ಕುರ್ಚಿಯ ಮೇಲೆ, ಮಗು ನನ್ನ ತೊಡೆಯ ಮೇಲೆ. ಈಗಲೂ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನೊಂದು ಮಾತು. ಹೋಗುವಾಗ ಮಗುವಿಗೆ ಎರಡು ತುಂಬಿರದಿದ್ದರೂ, ವಾಪಸ್ ಬರುವಷ್ಟರಲ್ಲಿ ತುಂಬಿದರೆ ಬರುವಾಗ ಬೇರೆ ಸೀಟು ತೆಗೆದುಕೊಳ್ಳಲೇಬೇಕು. ಟಿಕೆಟ್ ಮಾಡುವಾಗಲೇ ನೋಡಿಕೊಳ್ಳಿ.

ದೇವನಹಳ್ಳಿಯಲ್ಲಿ ಇಳಿದರೆ ಮುಗಿಯಲಿಲ್ಲ. ನಮ್ಮದು ಮೈಸೂರು, ಏರ್‌ಪೋರ್ಟಿನಿಂದ ನೇರ ಹೋಗುವ ಫ್ಲೈಬಸ್ಸಿನಲ್ಲಿ ಇನ್ನೂ ನಾಲ್ಕು ಗಂಟೆಗೆ ಮೇಲೆ. ಮನೆ ಬಾಗಿಲಿಂದ ಮನೆ ಬಾಗಿಲಿಗೆ ಲೆಕ್ಕ ಹಾಕಿದರೆ ಒಂದೂವರೆ ದಿನ ಆಗುತ್ತದೆ.

ಮನೆ ಸೇರಿದ ಮೇಲೆ ನಿದ್ದೆಯದ್ದೇ ತೊಂದರೆ. ಬೇಸಿಗೆಯಲ್ಲಿ ವ್ಯತ್ಯಾಸ ಹನ್ನೆರಡೂವರೆ ಗಂಟೆ, ಹಗಲು ರಾತ್ರಿ ಪೂರ್ತಿ ಅದಲು ಬದಲು. ಮೊದಲ ರಾತ್ರಿ ಎರಡು ಗಂಟೆಗೆ ಮಗಳು ಎದ್ದು ಕೂತು ಹಸಿವು ಅಂದಳು. ಅಮ್ಮ ಏನೂ ಕೇಳದೆ ಎದ್ದು, ಒಲೆ ಹಚ್ಚಿ, ದೋಸೆ ಹುಯ್ದುಕೊಟ್ಟರು. ನಾಲ್ಕು ದಿನ ಹೀಗೇ ನಡೆಯಿತು. ಅದಕ್ಕೇ ಹೇಳುತ್ತಿದ್ದೇನೆ, ಮೊದಲ ನಾಲ್ಕು ದಿನ ನೆಂಟರ ಮನೆ ಊಟ ಯಾವುದನ್ನೂ ಒಪ್ಪಿಕೊಳ್ಳಬೇಡಿ.