ಸಹಾಯ ಬೇಕು: ನಮ್ಮ ಕಡೆಯ ಊಟದ ಕ್ಯಾಲೊರಿ ಲೆಕ್ಕ ಹೇಗೆ ಹಾಕುದು?

ಎಲ್ರಿಗೂ ನಮಸ್ಕಾರ. ಉಡುಪಿ ಹತ್ರದವಳು ನಾನು, ಸ್ವಲ್ಪ ತೂಕ ಇಳಿಸ್ಬೇಕು ಅಂತ ಉಂಟು, ಶುಗರ್ ಬಿಪಿ ಎಂತದೂ ಇಲ್ಲ. ತಿಂದದ್ದನ್ನೆಲ್ಲ ಆ್ಯಪಲ್ಲಿ ಬರೆದಿಡ್ಲಿಕ್ಕೆ ಶುರು ಮಾಡಿದ್ದೇನೆ, ಆದ್ರೆ ಅದ್ರಲ್ಲಿ ಓಟ್ಸ್, ಬ್ರೊಕೊಲಿ ಎಲ್ಲ ಸಿಗ್ತದೆ, ನಮ್ಮ ಬಂಗುಡೆ ಪುಳಿಮುಂಚಿ, ಪತ್ರೊಡೆ, ಕೋರಿರೊಟ್ಟಿ ಹುಡುಕಿದ್ರೆ ಒಬ್ಬೊಬ್ರು ಒಂದೊಂದು ನಂಬರ್ ಹಾಕಿದ್ದಾರೆ ಮಾರಾಯ್ರೆ, ಯಾವ್ದನ್ನು ನಂಬುದು?

ಅಕ್ಕಿದ್ದು ತೊಂದ್ರೆ ಇಲ್ಲ, ಹಸಿ ಅಕ್ಕಿ 100 ಗ್ರಾಂಗೆ ಹತ್ತಿರ ಹತ್ತಿರ 350 ಕ್ಯಾಲೊರಿ, ಬೆಂದು ನೀರು ಹೀರಿದ ಮೇಲೆ ಅನ್ನ 100 ಗ್ರಾಂಗೆ 130ರ ಆಸುಪಾಸು, ಹಾಗಾಗಿ ಕುಚ್ಚಲಕ್ಕಿ ಬೇಯಿಸುವ ಮೊದ್ಲೇ ತೂಗ್ತೇನೆ. ತಲೆಬಿಸಿ ಇರುದು ತೆಂಗಿನಕಾಯಿದ್ದು. ಹಸಿ ಕಾಯಿತುರಿಯೂ 100 ಗ್ರಾಂಗೆ 350 ಹತ್ರ ಬರ್ತದೆ, ಮೇಲಿಂದ ಎಣ್ಣೆ ಒಂದು ದೊಡ್ಡ ಚಮಚಕ್ಕೆ 120. ಇಡೀ ಮನೆಗೆ ಒಂದೇ ಪಾತ್ರೆಲಿ ಗಸಿ (ಕಾಯಿ ಹಾಕಿದ ದಪ್ಪ ಸಾರು) ಆಗುದು, ಅದ್ರಲ್ಲಿ ನನ್ನ ಬಟ್ಲಿಗೆ ಎಷ್ಟು ಬಂತು ಅಂತ ನೀವೆಲ್ಲ ಹೇಗೆ ಲೆಕ್ಕ ಹಾಕ್ತೀರಿ, ಇಡೀ ಗಸಿ ತೂಗಿ ಭಾಗ ಮಾಡುದಾ? ಕಾಯಿಹಾಲು ಹಿಂಡಿ ಉಳಿದದ್ದನ್ನು ಬಿಸಾಡಿದ್ರೆ ಅದನ್ನು ಕಳೀಬೇಕಾ? (ಕಾಯಿ ಕಮ್ಮಿ ಹಾಕುವ ಅಂತ ಅತ್ತೆ ಹತ್ರ ಹೇಳುವ ಧೈರ್ಯ ನನಗಿಲ್ಲ, ಆ ಸಲಹೆ ಬೇಡ.)

ಮತ್ತೆ ಸಂಜೆಗೆ ಗೋಳಿಬಜೆ, ಬನ್ಸ್ ಬದ್ಲು ಹೊಟ್ಟೆ ತುಂಬುವ ಎಂತಾದ್ರೂ ಹೇಳಿ, ಪ್ರೋಟೀನ್ ಇದ್ರೆ ಒಳ್ಳೇದು, ಹೆಸರುಕಾಳು ಉಸ್ಲಿ ಮಾತ್ರ ಬೇಡ, ತಿಂದು ತಿಂದು ಸಾಕಾಗಿದೆ. ಪೌಡರ್ ಮಾರುವವ್ರು ದಯವಿಟ್ಟು ಇನ್‌ಬಾಕ್ಸಿಗೆ ಬರ್ಬೇಡಿ ಆಯ್ತಾ.