ಕೊಡುತ್ತಿದ್ದೆ, ಕೊಟ್ಟಿರುತ್ತಿದ್ದೆ: ಎರಡೂ ನಮ್ಮವೇ?

ಗೆಳೆಯರಿಗೆ ನಮಸ್ಕಾರ.

ಸಂಜೆ ಹೊತ್ತು ನಮ್ಮ ಬೀದಿಯ ಹತ್ತನೇ ತರಗತಿಯ ಏಳೆಂಟು ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದವರು. ಈಗ ‘ಇಫ್’ ವಾಕ್ಯಗಳ ಅಭ್ಯಾಸ ನಡೆದಿದೆ. ಪಾಠ ಇಂಗ್ಲಿಷಿನದಾದರೂ ತೊಡಕು ಎದ್ದದ್ದು ಕನ್ನಡದಲ್ಲಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲ ದಿನ ಬೋರ್ಡಿನ ಮೇಲೆ ಎರಡು ಸಾಲು ಬರೆದೆ:

ದುಡ್ಡಿದ್ದರೆ ಕೊಡುತ್ತೇನೆ.
ದುಡ್ಡಿದ್ದರೆ ಕೊಡುತ್ತಿದ್ದೆ.

ಸಾಲ ಕೇಳಲು ಬಂದವನು ಯಾವ ಮಾತು ಕೇಳಿದರೆ ಕಾಯಬಹುದು, ಯಾವುದು ಕೇಳಿದರೆ ಎದ್ದು ಹೋಗಬೇಕು ಅಂದೆ. ಮಕ್ಕಳು ತಟ್ಟನೆ ಹೇಳಿದರು. ಮೊದಲರ್ಧ ಎರಡರಲ್ಲೂ ಒಂದೇ. ದುಡ್ಡಿಲ್ಲ ಅನ್ನುವ ಸುದ್ದಿ ಇರುವುದೆಲ್ಲ ಕೊನೆಯ ಕ್ರಿಯಾಪದದಲ್ಲಿ. ಇಂಗ್ಲಿಷಿನಲ್ಲಿ ಎರಡೂ ಕಡೆ ಗುರುತು ಬೇಕು: ಅಲ್ಲಿ ‘ಹ್ಯಾವ್’ ಇದ್ದರೆ ಇಲ್ಲಿ ‘ವಿಲ್’, ಅಲ್ಲಿ ‘ಹ್ಯಾಡ್’ ಇದ್ದರೆ ಇಲ್ಲಿ ‘ವುಡ್’. ಇದು ತಿಳಿದ ಮೇಲೆ ಎರಡನೆಯ ಬಗೆಯ ವಾಕ್ಯ ಅವರಿಗೆ ಸುಲಭವಾಯಿತು. ಇನ್ನೂ ಸೊಗಸೆಂದರೆ, ‘ಅಜ್ಜಿ ದಿನಾ ಕಥೆ ಹೇಳುತ್ತಿದ್ದಳು’ ಅನ್ನುವ ರೂಢಿಯ ಮಾತಿಗೂ ಇಂಗ್ಲಿಷಿನವರು ಅದೇ ‘ವುಡ್’ ಹಾಕುತ್ತಾರೆ. ನಂಟೇ ಇಲ್ಲದ ಎರಡು ನುಡಿಗಳು ಹಳೆಯ ರೂಢಿಯನ್ನೂ ಇಲ್ಲದ ಸಂಗತಿಯನ್ನೂ ಒಂದೇ ರೂಪದಲ್ಲಿ ಹೇಳುವುದು ಕಂಡು ನನಗೆ ನಿಜಕ್ಕೂ ಖುಷಿಯಾಯಿತು.

ನಾಳೆಯ ಮಾತಿಗೂ ‘ಹ್ಯಾಡ್’ ಯಾಕೆ ಅಂತ ಒಬ್ಬಳು ಕೇಳಿದಳು. ‘ನಾಳೆ ಅವನು ಬಂದರೆ’ ಅನ್ನುವಾಗ ನಾವು ಹಿಡಿಯುವುದೂ ‘ಬಂದ’ ಅನ್ನುವ ರೂಪವನ್ನೇ ಅಲ್ಲವೇ? ಹಳಗನ್ನಡದ ಬಂದೊಡೆ, ವಚನಗಳ ಬಂದಡೆ, ಇಂದಿನ ಬಂದರೆ, ಮೂರರಲ್ಲೂ ಅದೇ ಕುಳಿತಿದೆ. ಆದರೂ ಅದು ಕಾಲ ಹೇಳುವುದಿಲ್ಲ.

ಸಿಕ್ಕಿಕೊಂಡದ್ದು ಮೂರನೆಯ ಬಗೆಯಲ್ಲಿ, ಅಂದರೆ ಆಗದೆ ಮುಗಿದುಹೋದ ಸಂಗತಿಯ ‘ಇಫ್’ ವಾಕ್ಯದಲ್ಲಿ. ‘ನೀನು ನಿನ್ನೆ ಕೇಳಿದ್ದರೆ ಕೊಡುತ್ತಿದ್ದೆ.’ ಇದಕ್ಕೆ ಮಕ್ಕಳೆಲ್ಲ ‘ಐ ವುಡ್ ಗಿವ್’ ಅಂತಲೇ ಬರೆದರು. ಬೇಕಾದ್ದು ‘ವುಡ್ ಹ್ಯಾವ್ ಗಿವನ್’. ಮನಸ್ಸಿನಲ್ಲಿ ‘ಕೊಟ್ಟಿರುತ್ತಿದ್ದೆ’ ಅಂದುಕೊಳ್ಳಿ, ಸರಿಯಾಗಿ ಬರುತ್ತದೆ ಅಂದೆ. ಹಿಂದಿನ ಸಾಲಿನ ಹುಡುಗ ತಲೆಯೆತ್ತಿ, “ಹಂಗೆ ಯಾರು ಮಾತಾಡ್ತಾರೆ ಸರ್?” ಅಂದ.

ಅವತ್ತಿನಿಂದ ಕಿವಿ ತೆರೆದುಕೊಂಡು ಓಡಾಡುತ್ತಿದ್ದೇನೆ. ‘ಎರಡು ನಿಮಿಷ ಮುಂಚೆ ಬಂದಿದ್ರೆ ಬಸ್ ಸಿಗ್ತಿತ್ತು.’ ‘ಒಂದು ಮಾತು ಹೇಳಿದ್ರೆ ನಾನೇ ಬರ್ತಿದ್ದೆ.’ ‘ನೆನೆಹಾಕಿದ್ರೆ ಬೇಳೆ ಬೇಗ ಬೇಯ್ತಿತ್ತು.’ ಎಲ್ಲವೂ ಮುಗಿದುಹೋದ ಸಂಗತಿಗಳೇ, ಆದರೆ ಸಿಕ್ಕಿರುತ್ತಿತ್ತು, ಬೆಂದಿರುತ್ತಿತ್ತು ಅಂತ ಯಾರೂ ಅನ್ನಲಿಲ್ಲ. ಒಮ್ಮೆ ಮಾತ್ರ ಕೇಳಿದೆ: ‘ಆ ಬಸ್ ಹತ್ತಿದ್ರೆ ಇಷ್ಟೊತ್ತಿಗೆ ಊರು ಸೇರಿರ್ತಿದ್ವಿ.’ ಇಲ್ಲಿ ಅದು ಒಂದಿಷ್ಟೂ ಕೃತಕವಾಗಿಲ್ಲ, ‘ಸೇರ್ತಿದ್ವಿ’ಗಿಂತ ಮೇಲಾಗಿದೆ. ನನ್ನ ಊಹೆ ಹೀಗೆ: ‘ಇರುತ್ತಿದ್ದೆ’ ಸೇರಿದ ರೂಪ ನಮ್ಮಲ್ಲಿ ಇದ್ದೇ ಇದೆ, ಆದರೆ ಇಂಥ ಹೊತ್ತಿಗೆ ಕೆಲಸ ಮುಗಿದ ಸ್ಥಿತಿಯಲ್ಲಿ ಇರುತ್ತಿದ್ದೆವು ಎನ್ನುವುದಕ್ಕಷ್ಟೇ. ಬರೀ ಕೈತಪ್ಪಿದ್ದನ್ನು ಹೇಳಲು ‘ಕೊಡುತ್ತಿದ್ದೆ’ ಸಾಕು. ಅನುವಾದದ ಬರಹಗಳಲ್ಲಿ ಕಂಡಕಂಡಲ್ಲಿ ‘ಮಾಡಿರುತ್ತಿದ್ದರು’, ‘ಗೆದ್ದಿರುತ್ತಿದ್ದರು’ ಬರುವುದು ‘ವುಡ್ ಹ್ಯಾವ್’ನ ನೆರಳಿರಬೇಕು. ಈ ಊಹೆ ಸರಿಯೇ? ಇಂಗ್ಲಿಷಿನ ಸೋಂಕಿಲ್ಲದ ಹಳೆಯ ಗದ್ಯದಲ್ಲಿ ಕೈತಪ್ಪಿದ ಸಂಗತಿಗೇ ‘ಕೊಟ್ಟಿರುತ್ತಿದ್ದೆ’ಯಂಥದ್ದು ಸಿಕ್ಕಿದ್ದರೆ ದಯವಿಟ್ಟು ತೋರಿಸಿ, ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದಿದೆ. ಸ್ವಂತ ವಾಕ್ಯ ಬರೆಯಿರಿ ಅಂದಾಗ ಒಬ್ಬ ಹುಡುಗಿ ಮೊದಲು ಕನ್ನಡದಲ್ಲಿ ‘ಅಜ್ಜ ಇದ್ದಿದ್ದರೆ ಇವತ್ತು ಎಷ್ಟು ಖುಷಿಪಡುತ್ತಿದ್ದ’ ಅಂತ ಬರೆದು, ಇಂಗ್ಲಿಷಿಗೆ ‘ಹ್ಯಾಡ್ ಬೀನ್’, ‘ವುಡ್ ಹ್ಯಾವ್ ಬೀನ್’ ಹಾಕಿದ್ದಳು. ಇವತ್ತಿನ ಮಾತಾದ್ದರಿಂದ ‘ವರ್’, ‘ವುಡ್ ಬಿ’ ಬರಬೇಕು ಅಂತ ತಿದ್ದಿದೆ. ಕನ್ನಡದಲ್ಲೂ ‘ಇದ್ದರೆ’ ಅಂದರೆ ಸಾಕಲ್ಲ ಅಂದೆ. “‘ಇದ್ದರೆ’ ಅಂದ್ರೆ ಅಜ್ಜ ಎಲ್ಲೋ ಊರಿಗೆ ಹೋಗಿದಾನೆ ಅನ್ಸುತ್ತೆ ಸರ್” ಅಂದಳು. ಅವಳ ಕಿವಿಯೇ ಸರಿ ಅಂತ ನನಗೂ ಅನ್ನಿಸಿತು. ‘ಇದ್ದಿದ್ದರೆ’ಯಲ್ಲಿರುವ ಎರಡನೆಯ ‘ಇದ್ದ’ ನಿನ್ನೆಯೋ ಇವತ್ತೋ ಎಂಬುದನ್ನು ಹೇಳುತ್ತಿಲ್ಲ, ಇನ್ನಾಗದು ಎಂಬುದನ್ನು ಹೇಳುತ್ತಿದೆ. ಇದನ್ನು ಯಾರಾದರೂ ವ್ಯಾಕರಣಕಾರರು ಬಿಡಿಸಿ ಬರೆದಿದ್ದಾರೆಯೇ? ಶಾಲೆಯ ವ್ಯಾಕರಣದಲ್ಲಿ ‘ದರೆ’ಯನ್ನು ಕೃದಂತಾವ್ಯಯಗಳ (ಕ್ರಿಯೆಯಿಂದ ಹುಟ್ಟಿ, ಲಿಂಗ ವಚನಕ್ಕೆ ಬದಲಾಗದ ಪದಗಳ) ಪಟ್ಟಿಗೆ ಸೇರಿಸಿ ಮುಂದೆ ಹೋಗಿಬಿಡುತ್ತಾರೆ. ಇಷ್ಟು ಬಳಕೆಯ ಪ್ರತ್ಯಯಕ್ಕೆ ಅದು ತೀರಾ ಕಡಿಮೆಯಾಯಿತು.

‘ರೆ’ ಬಂದಲ್ಲೆಲ್ಲ ‘ಇಫ್’ ಅಲ್ಲ ಎನ್ನುವುದನ್ನೂ ಮಕ್ಕಳಿಗೆ ಹೇಳಬೇಕಾಯಿತು. ‘ಬೆಳಗಾದರೆ ಪರೀಕ್ಷೆ’ ಅನ್ನುವುದಕ್ಕೆ ಒಬ್ಬ ‘ಇಫ್’ ಹಾಕಿದ್ದ. ಬೆಳಗಾಗುವುದರಲ್ಲಿ ಅನುಮಾನವಿಲ್ಲ, ಅಲ್ಲಿ ಬೇಕಾದ್ದು ‘ವೆನ್’. ‘ಅವನನ್ನು ಬಿಟ್ಟರೆ ಯಾರಿದ್ದಾರೆ’ಯಲ್ಲಂತೂ ಎರಡೂ ಇಲ್ಲ.

ಕೊನೆಯದಾಗಿ ‘ಅನ್‌ಲೆಸ್’. ‘ನೀನು ಬಂದ ಹೊರತು ಊಟ ಮಾಡುವುದಿಲ್ಲ’, ‘ನೀನು ಬಾರದ ಹೊರತು ಊಟ ಮಾಡುವುದಿಲ್ಲ’ ಎರಡನ್ನೂ ಜನ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಹೊರತು ಎಂದರೆ ಅದೊಂದನ್ನು ಬಿಟ್ಟು ಎಂದಾದರೆ ‘ಬಂದ ಹೊರತು’ ಸರಿ. ‘ಬಾರದಿದ್ದರೆ’ಯ ಸೆಳೆತಕ್ಕೆ ಸಿಕ್ಕಿ ‘ಬಾರದ ಹೊರತು’ ಹುಟ್ಟಿಕೊಂಡಿರಬಹುದು. ಆದರೆ ನಮ್ಮ ಮಕ್ಕಳ ಬಾಯಲ್ಲಿರುವುದು ಎರಡನೆಯದೇ, ಹಾಗಾಗಿ ಇಂಗ್ಲಿಷಿನಲ್ಲೂ ‘ಅನ್‌ಲೆಸ್ ಯು ಡೋಂಟ್ ಕಮ್’ ಅಂತ ಒಂದು ‘ಡೋಂಟ್’ ಹೆಚ್ಚಿಗೆ ಬರೆಯುತ್ತಾರೆ.

ಧಾರವಾಡ, ಕಲಬುರಗಿ, ಕುಂದಾಪುರದ ಕಡೆಯವರು ನಿಮ್ಮ ಮನೆಮಾತಿನಲ್ಲಿ ಈ ಮೂರನ್ನು ಹೇಗೆ ಹೇಳುತ್ತೀರಿ ಎಂದು ಬರೆಯಿರಿ: ನಿನ್ನೆ ಕೇಳಿದ್ದರೆ ಕೊಡುತ್ತಿದ್ದೆ, ಅಜ್ಜ ಇದ್ದಿದ್ದರೆ ಖುಷಿಪಡುತ್ತಿದ್ದ, ನೀನು ಬಂದ ಹೊರತು ಊಟ ಮಾಡುವುದಿಲ್ಲ. ಬರಹದ ರೂಪಕ್ಕೆ ತಿದ್ದದೆ, ಮನೆಯಲ್ಲಿ ಆಡುವ ಹಾಗೆಯೇ ಬರೆದು ಕಳಿಸಿ.