ಪದಚರ್ಚೆ: ‘ಆಸ್ಪತ್ರೆಯಿಂದ’ ತಗುಲಿದ ಸೋಂಕೋ, ‘ಆಸ್ಪತ್ರೆಯಲ್ಲಿ’ ತಗುಲಿದ್ದೋ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಐಸಿಯು ಸಿಬ್ಬಂದಿಗಾಗಿ ಸಿದ್ಧವಾಗುತ್ತಿರುವ ಕನ್ನಡ ಕೈಪಿಡಿಯೊಂದರ ಕರಡಿನಲ್ಲಿ ‘ನೊಸೊಕೋಮಿಯಲ್ ಇನ್‌ಫೆಕ್ಷನ್’ಗೆ ಮೂರು ಕಡೆ ಮೂರು ಹೆಸರು ಬಿದ್ದಿವೆ: ಆಸ್ಪತ್ರೆಜನ್ಯ ಸೋಂಕು, ಆಸ್ಪತ್ರೆಯಿಂದ ತಗುಲಿದ ಸೋಂಕು, ದ್ವಿತೀಯ ಸೋಂಕು. ಸಂದರ್ಭ ಇಷ್ಟು: ಕೋವಿಡ್‌ನಂಥ ವೈರಸ್ ಪಿಡುಗಿನಲ್ಲಿ ದಾಖಲಾದವರಿಗೆ ವಾರ್ಡಿನಲ್ಲಿರುವಾಗ ಬರುವ ಬ್ಯಾಕ್ಟೀರಿಯಾ ಕಾಯಿಲೆ. ಯಾವುದನ್ನು ಉಳಿಸಿಕೊಳ್ಳೋಣ? ‘ಕಾಲೊನೈಜೇಶನ್’ಗೆ (ಬ್ಯಾಕ್ಟೀರಿಯಾ ಕಾಯಿಲೆ ತರದೆ ಮೈಯಲ್ಲಿ ನೆಲೆಸಿರುವುದಕ್ಕೆ) ‘ವಸಾಹತೀಕರಣ’ ಎಂದಿದೆ. ನಡೆಯುತ್ತದೆಯೇ? ಜನರ ಬಾಯಲ್ಲಿರುವ ‘ನಂಜು’ ಆಗಬಹುದೇ?

ಉತ್ತರ:

ಮೂರೂ ಒಂದೇ ಅಲ್ಲ ಸಾರ್. ಮೊದಲೆರಡರ ತೊಡಕು ವಿಭಕ್ತಿಯದ್ದು, ಮೂರನೆಯದರ ತೊಡಕು ಬೇರೆ.

‘ಜನ್ಯ’ ಎಂದ ಕೂಡಲೇ ಹೆತ್ತದ್ದು ಆಸ್ಪತ್ರೆ ಎಂದಾಯಿತು. ‘ಇಂದ’ ಎಂದರೂ ಅದೇ. ವೈದ್ಯರ ವ್ಯಾಖ್ಯೆಯಾದರೋ ಗಡಿಯಾರ ನೋಡುತ್ತದೆಯೇ ಹೊರತು ಹೆತ್ತವರನ್ನು ಹುಡುಕುವುದಿಲ್ಲ. ದಾಖಲಾದಾಗ ಮೈಯೊಳಗೆ ಮೊಳೆಯುತ್ತಲೂ ಇರದೆ, 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕು, ಅಷ್ಟೆ. ಬ್ಯಾಕ್ಟೀರಿಯಾ ಬಹಳ ಸಲ ರೋಗಿಯದೇ ಆಗಿರುತ್ತದೆ. ವೆಂಟಿಲೇಟರ್ ಹಾಕಿದವರ ಗಂಟಲಲ್ಲಿ ನಿಂತ ಜೊಲ್ಲು, ಕೊಳವೆಯ ಕಫ್ (ಶ್ವಾಸನಾಳದೊಳಗೆ ಕೊಳವೆಯ ಸುತ್ತ ಗಾಳಿ ತುಂಬಿ ಉಬ್ಬಿಸುವ ಪಟ್ಟಿ) ಪಕ್ಕದಿಂದ ಜಿನುಗಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತಿಡುವುದು, ಕಫ್ ಒತ್ತಡವನ್ನು 20ರಿಂದ 30 ಸೆಂ.ಮೀ. ನೀರಿನ ಮಟ್ಟದಲ್ಲಿ ಇಡುವುದು ಅದಕ್ಕೇ. ಒತ್ತಡ ಇಳಿದರೆ ಜೊಲ್ಲು ಜಾರುತ್ತದೆ. ಏರಿದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಸಿಗದೆ ಹುಣ್ಣಾಗುತ್ತದೆ.

ಹಾಗಾಗಿ ಸಪ್ತಮಿಯೇ ಸರಿ: ‘ಆಸ್ಪತ್ರೆಯಲ್ಲಿ ತಗುಲಿದ ಸೋಂಕು’. ಎಲ್ಲಿ ಎಂಬುದನ್ನಷ್ಟೇ ಹೇಳುತ್ತದೆ, ಯಾರಿಂದ ಎಂಬುದನ್ನು ಹೇಳಹೋಗುವುದಿಲ್ಲ. ‘ಇಂದ’ವನ್ನು ಅದಕ್ಕೆ ಸಲ್ಲುವ ಜಾಗಕ್ಕೆ ಮೀಸಲಿಡಿ: ಕೈಯಿಂದ, ಕ್ಯಾತಿಟರ್‌ನಿಂದ, ಆಕ್ಸಿಜನ್‌ಗೆ ತೇವ ಕೂಡಿಸುವ ಹ್ಯುಮಿಡಿಫೈಯರ್ ನೀರಿನಿಂದ. ಪಿಪಿಇ ತೊಟ್ಟವರು ತಮ್ಮ ರಕ್ಷಣೆಗೆಂದು ತೊಟ್ಟ ಗ್ಲೌಸ್‌ನಲ್ಲೇ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋದರೆ ದಾಟುವುದು ‘ಕೈಯಿಂದ’. ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣಗಿದ ಬೆಡ್ ಕಂಬಿಯ ಮೇಲೂ ವಾರಗಟ್ಟಲೆ ಬದುಕಬಲ್ಲದು. ಕೈಪಿಡಿಯಲ್ಲಿ ‘ಗ್ಲೌಸ್ ಧರಿಸಿ’ ಎಂದು ನಿಲ್ಲಿಸಬೇಡಿ. ‘ಒಬ್ಬ ರೋಗಿಯನ್ನು ಮುಟ್ಟಿದ ಗ್ಲೌಸ್ ಬಿಚ್ಚಿ ಎಸೆದು, ಬರಿಗೈಗೆ ಹ್ಯಾಂಡ್‌ರಬ್ ಹಾಕಿ 20–30 ಸೆಕೆಂಡ್ ಉಜ್ಜಿ, ಆಮೇಲೆ ಹೊಸದನ್ನು ತೊಡಿ’ ಎಂದಿರಲಿ. ಹ್ಯುಮಿಡಿಫೈಯರ್ ಬಾಟಲಿಗೆ ಕೂಡ ‘ನೀರು ತುಂಬಿಸಿ’ ಎನ್ನುವ ಮಾತು ಸಾಲದು. ಉಳಿದ ನೀರಿನ ಮೇಲೇ ಸುರಿಯುತ್ತಾರೆ. ‘ಹಳೆಯ ನೀರು ಚೆಲ್ಲಿ, ತೊಳೆದು, ಒಣಗಿಸಿ, ಸ್ಟೆರೈಲ್ ನೀರು ಹಾಕಿ; ನಲ್ಲಿ ನೀರು ಬೇಡ’ ಎಂದು ಬಿಡಿಸಿ ಬರೆಯಿರಿ.

‘ದ್ವಿತೀಯ ಸೋಂಕು’ ಗೊಂದಲದ ಗೂಡು. 2020–21ರಲ್ಲಿ ನಮ್ಮ ಪತ್ರಿಕೆಗಳಲ್ಲಿ ‘ದ್ವಿತೀಯ ಸಂಪರ್ಕಿತರು’, ‘ಎರಡನೇ ಅಲೆ’, ‘ಎರಡನೇ ಬಾರಿ ಸೋಂಕು’ ಎಲ್ಲವೂ ಓಡಾಡಿದವು. ಓದುಗ ಇದನ್ನೂ ಕೋವಿಡ್ಡೇ ಮರಳಿ ಬಂತೆಂದು ತಿಳಿಯುತ್ತಾನೆ. ನನ್ನ ಸಲಹೆ: ದಾಖಲಾದಾಗಲೇ ವೈರಸ್ ಜೊತೆಗಿದ್ದರೆ ‘ಜೊತೆಸೋಂಕು’, ಆಮೇಲೆ ಬಂದರೆ ‘ಹಿಂಬಾಲಿಸಿದ ಸೋಂಕು’. ‘ಮೇಲ್ಸೋಂಕು’ ಚೆಂದವೇನೋ ಹೌದು, ಆದರೆ ಮೂಗು–ಗಂಟಲ ಸೋಂಕಿಗೆ ‘ಶ್ವಾಸನಾಳದ ಮೇಲ್ಭಾಗದ ಸೋಂಕು’ ಎನ್ನುವುದುಂಟು, ಅದರೊಡನೆ ಕಲೆಸಿಹೋಗುತ್ತದೆ. ಈ ವಿಂಗಡಣೆ ಬರೀ ಶಬ್ದಚಮತ್ಕಾರವಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 10 ಆಸ್ಪತ್ರೆಗಳಿಂದ ಕಲೆಹಾಕಿ 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, 17 ಸಾವಿರಕ್ಕೂ ಹೆಚ್ಚು ಕೋವಿಡ್ ರೋಗಿಗಳ ಪೈಕಿ ಹಿಂಬಾಲಿಸಿದ ಸೋಂಕು ಬಂದದ್ದು ಶೇ 3.6 ಮಂದಿಗೆ ಮಾತ್ರ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯಲಿಲ್ಲ. ಮುಂದಿದ್ದ ಬ್ಯಾಕ್ಟೀರಿಯಾಗಳ ಹೆಸರುಗಳು ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್. 1918ರ ಫ್ಲೂನಲ್ಲಿ ಹೆಚ್ಚಿನವರು ಸತ್ತದ್ದು ವೈರಸ್ಸಿನ ಬೆನ್ನಿಗೆ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದ, ಆದರೆ ಅಲ್ಲಿನ ಮುಖ್ಯ ಬ್ಯಾಕ್ಟೀರಿಯಾಗಳು ನ್ಯುಮೊಕಾಕಸ್, ಸ್ಟ್ರೆಪ್ಟೊಕಾಕಸ್‌ನಂಥ ಊರಿನವು, ಐಸಿಯುವಿನವಲ್ಲ. ಒಂದೇ ‘ದ್ವಿತೀಯ’ ಎರಡನ್ನೂ ಮುಚ್ಚಿಹಾಕುತ್ತದೆ.

‘ವಸಾಹತೀಕರಣ’ ಬೇಡ, ಓದಿದವರಿಗೆ ಈಸ್ಟ್ ಇಂಡಿಯಾ ಕಂಪನಿ ಕಣ್ಣಿಗೆ ಬರುತ್ತದೆ. ‘ಬೀಡುಬಿಟ್ಟಿದೆ’ ಎಂದರೆ ಸಾಕು. ಇಲ್ಲೊಂದು ಸ್ವಾರಸ್ಯವಿದೆ. ‘ಸೋಂಕು’ ಮೂಲದಲ್ಲಿ ‘ಮುಟ್ಟು, ತಾಕು’ ಎಂಬ ಕ್ರಿಯಾಪದ; ‘ಗಾಳಿ ಸೋಕಿದೆ’ ಎನ್ನುತ್ತೇವಲ್ಲ. ಧಾತುವಿನ ಅರ್ಥ ಹಿಡಿದರೆ ಬೀಡುಬಿಟ್ಟದ್ದೂ ಸೋಂಕೇ. ಇಂದಿನ ಬಳಕೆಯಲ್ಲಿ ಮಾತ್ರ ಸೋಂಕೆಂದರೆ ಕಾಯಿಲೆ, ಮತ್ತೆ ಈ ಎರಡನ್ನು ಬೇರೆಯಾಗಿಡದಿದ್ದರೆ ಔಷಧ ತಪ್ಪುತ್ತದೆ. ‘ಕಫದ ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಕ್ಲೆಬ್ಸಿಯೆಲ್ಲಾ ಬೆಳೆದಿದೆ’ ಎಂಬ ರಿಪೋರ್ಟನ್ನು ಅನುವಾದಕರು ‘ಸೋಂಕು ದೃಢಪಟ್ಟಿದೆ’ ಎಂದು ಬರೆದುಬಿಡುತ್ತಾರೆ. ಕೊಳವೆ ಹಾಕಿ ನಾಲ್ಕಾರು ದಿನವಾದವರ ಕಫದಲ್ಲಿ ಏನಾದರೊಂದು ಬೆಳೆದೇ ಬೆಳೆಯುತ್ತದೆ. ಸೋಂಕು ಎನ್ನಲು ಹೊಸ ಜ್ವರ, ಹೆಚ್ಚಿದ ಕೀವುಗಫ, ಎಕ್ಸ್‌ರೇಯಲ್ಲಿ ಹೊಸ ನೆರಳು, ಏರಿದ ಆಕ್ಸಿಜನ್ ಬೇಡಿಕೆ ಇಂಥ ಲಕ್ಷಣಗಳು ಕೂಡಿಬರಬೇಕು. ಕೋವಿಡ್ ರೋಗಿಯಲ್ಲಿ ಅದೂ ಕಷ್ಟ: ಎಕ್ಸ್‌ರೇ ಮೊದಲೇ ಬೆಳ್ಳಗಾಗಿರುತ್ತದೆ, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಜ್ವರವನ್ನು ಅಡಗಿಸುತ್ತದೆ, ಉರಿಯೂತ ತಗ್ಗಿಸುವ ಟೊಸಿಲಿಜುಮಾಬ್ ಕೊಟ್ಟಿದ್ದರೆ ಸಿಆರ್‌ಪಿ (ರಕ್ತದಲ್ಲಿ ಉರಿಯೂತ ತೋರಿಸುವ ಅಂಶ) ಏರುವುದೇ ಇಲ್ಲ. ಬೀಡುಬಿಟ್ಟದ್ದಕ್ಕೆಲ್ಲ ಮೆರೊಪೆನೆಮ್, ಕೊಲಿಸ್ಟಿನ್‌ನಂಥ ಪ್ರಬಲ ಆಂಟಿಬಯೋಟಿಕ್ ಸುರಿದರೆ ಉಳಿಯುವುದು ಅವುಗಳಿಗೆ ಜಗ್ಗದ ತಳಿ.

ಜೊತೆಗೆ ‘ಕಂಟ್ಯಾಮಿನೇಶನ್’ಗೆ ‘ಬೆರಕೆ’ ಎಂಬ ಮೂರನೆಯ ಪದವೂ ಬೇಕು. ಆಂಟಿಬಯೋಟಿಕ್ ಶುರುಮಾಡುವ ಮೊದಲು ಎರಡು ಬೇರೆ ಜಾಗದಿಂದ, ಬಾಟಲಿಗೆ 8–10 ಎಂ.ಎಲ್.ನಂತೆ ಕಲ್ಚರ್‌ಗೆ ರಕ್ತ ತೆಗೆಯುವುದು ಕ್ರಮ. ಒಂದೇ ಬಾಟಲಿಯಲ್ಲಿ ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಬೆಳೆದು ಉಳಿದವು ಖಾಲಿ ಇದ್ದರೆ, ಸಾಮಾನ್ಯವಾಗಿ ಅದು ರೋಗಿಯ ರಕ್ತದ್ದಲ್ಲ, ಸೂಜಿ ಚುಚ್ಚಿದ ಚರ್ಮದ್ದು.

‘ನಂಜು’ ಒಳ್ಳೆಯ ಪದವೇ. ‘ಗಾಯ ನಂಜಾಗಿದೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ‘ಸೆಪ್ಸಿಸ್’ಗೆ (ಸೋಂಕಿನಿಂದ ಅಂಗಾಂಗಗಳು ಕೆಡುವ ಸ್ಥಿತಿಗೆ) ‘ನಂಜೇರಿದೆ’ ಚೆನ್ನಾಗಿಯೇ ಒಪ್ಪುತ್ತದೆ. ಸಾಮಾನ್ಯ ಸೋಂಕಿಗೆ ಮಾತ್ರ ಬಳಸಬೇಡಿ. ರೋಗಿಯ ಕಡೆಯವರು ಕೈ ತೊಳೆಯುವುದನ್ನು ಬಿಟ್ಟು, ನಂಜಿನ ಪದಾರ್ಥವೆಂದು ಬದನೆಕಾಯಿ ನಿಲ್ಲಿಸುತ್ತಾರೆ.

‘ಆಸ್ಪತ್ರೆಜನ್ಯ’ ಅರಿಸಮಾಸವೆಂದು ಯಾರಾದರೂ ಆಕ್ಷೇಪಿಸುವ ಮೊದಲೇ ಹೇಳಿಬಿಡುತ್ತೇನೆ: ‘ಸೋಂಕಿತ’ವೂ ಕನ್ನಡದ ಮೈಗೆ ಸಂಸ್ಕೃತದ ಬಾಲವೇ, ಆದರೂ ಬೇರೂರಿಬಿಟ್ಟಿದೆ. ನನ್ನ ತಕರಾರು ಸಮಾಸದ ಮೇಲಲ್ಲ, ‘ಜನ್ಯ’ದ ಮೇಲೆ.